ನೆಂಟರು ಬರುವ ಮೊದಲೇ ಮುಗಿಯುವ ಅಡುಗೆ

ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬದ ದಿನ, ಗೊರವನಹಳ್ಳಿಯ ರಸ್ತೆಯಲ್ಲಿ ಬೆಳಕು ಹರಿಯುವ ಮೊದಲೇ ಸಾಲು ಶುರುವಾಗಿರುತ್ತದೆ. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಕೊರಟಗೆರೆ ಕಡೆ ತಿರುಗಿದ ಬೆಂಗಳೂರಿನ ಕಾರುಗಳು, ತುಮಕೂರಿನಿಂದ ಬಾಗಿಲವರೆಗೂ ತುಂಬಿ ಬರುವ ಬಸ್ಸುಗಳು, ಮಧುಗಿರಿ, ಶಿರಾ, ಪಾವಗಡದಿಂದ ಹೊರಟ ಟೆಂಪೊಗಳು ಎಲ್ಲವೂ ಮಹಾಲಕ್ಷ್ಮಿಯ ಗುಡಿಯತ್ತಲೇ. ದರ್ಶನ ಮುಗಿಸಿ, ಅಲ್ಲಿಯೇ ಪ್ರಸಾದದ ಊಟ ಮಾಡಿ, ತೀತಾ ಜಲಾಶಯದ ಏರಿ ಮೇಲೆ ಮಕ್ಕಳಿಗೆ ನೀರು ತೋರಿಸಿದ ಮೇಲೆ ಯಾರಾದರೊಬ್ಬರ ಬಾಯಲ್ಲಿ ಆ ಮಾತು ಬಂದೇ ಬರುತ್ತದೆ: ‘ಇಷ್ಟು ದೂರ ಬಂದು ಚಿಕ್ಕಮ್ಮನ ಮನೆಗೆ ಹೋಗ್ದೆ ಹೋದ್ರೆ ಏನಂದ್ಕೊಳಲ್ಲ?’

ಅಲ್ಲಿಂದ ಹತ್ತು ನಿಮಿಷಕ್ಕೆ ಕೊರಟಗೆರೆಯ ಕಡೆಯ ಯಾವುದೋ ಮನೆಯ ಮುಂದೆ ಕಾರು ನಿಲ್ಲುತ್ತದೆ. ನಾಲ್ಕು ಜನ ಬರುತ್ತಾರೆಂದುಕೊಂಡಿದ್ದರೆ ಒಂಬತ್ತು ಜನ ಇಳಿಯುತ್ತಾರೆ. ಊಟ ಆಗಿದೆ, ಏನೂ ಬೇಡ ಎನ್ನುತ್ತಲೇ ಒಳಗೆ ಬರುತ್ತಾರೆ. ಆ ‘ಬೇಡ’ ಎಂಬ ಮಾತನ್ನು ನಂಬಿ ಸುಮ್ಮನೆ ಕೂತ ಮನೆ ನಮ್ಮ ಕಡೆ ಇಲ್ಲ. ನೀರಿನ ಚೊಂಬು, ಒಂದು ಚೂರು ಬೆಲ್ಲ, ಆಮೇಲೆ ತಟ್ಟೆ, ಆಮೇಲೆ ಕಾಫಿ. ಅದೇ ಸಂಜೆ ಕಳಸ ಕೂರಿಸಿದ ಮನೆಗಳಿಗೆ ಅರಿಶಿನ ಕುಂಕುಮಕ್ಕೆ ಹೆಂಗಸರು ಬರುವ ಹೊತ್ತು. ಒಬ್ಬೊಬ್ಬರಿಗೂ ಇನ್ನೂ ನಾಲ್ಕಾರು ಮನೆ ಇರುತ್ತದೆ. ಯಾರೂ ಎಲೆ ಮುಂದೆ ಕೂರುವುದಿಲ್ಲ. ಕೂತರೂ ಕುರ್ಚಿಯ ಅಂಚಿನಲ್ಲಿ, ಕೈಯಲ್ಲಿ ತಾಂಬೂಲದ ಚೀಲ ಹಿಡಿದು. ಅವರಿಗೆ ಕೊಡುವುದು ಎರಡು ಬೆರಳಲ್ಲಿ ಎತ್ತಿಕೊಳ್ಳುವಂತಿರಬೇಕು, ರೇಷ್ಮೆ ಸೀರೆಯ ಮೇಲೆ ತೊಟ್ಟಿಕ್ಕಬಾರದು, ಉಳಿದರೆ ಕಾಗದದಲ್ಲಿ ಸುತ್ತಿ ಕೊಡಲು ಬರಬೇಕು.

ಊಟವಲ್ಲದ, ಆದರೆ ಉಪಚಾರದಲ್ಲಿ ಊಟಕ್ಕಿಂತ ಕಡಿಮೆಯೂ ಅಲ್ಲದ ಈ ತಟ್ಟೆಯ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಬಂದವರಿಗೆ ಕೊಡುವ ತಿಂಡಿ ಅವರು ಬರುವ ಮೊದಲೇ ಮುಗಿದಿರಬೇಕು. ರುಚಿಯ ಮಾತು ಆಮೇಲೆ. ಬಿಸಿಬಿಸಿ ಬಜ್ಜಿ, ಬೋಂಡಾ ಕರಿದು ಕೊಡುವುದೇ ದೊಡ್ಡ ಆದರ ಎಂದು ನಾವು ಬಹಳ ಕಾಲ ನಂಬಿಕೊಂಡು ಬಂದಿದ್ದೇವೆ. ಆ ಆದರದ ಬೆಲೆ ತೆರುವವರು ಒಬ್ಬರೇ. ನಡುಮನೆಯಲ್ಲಿ ನಗು ಕೇಳುತ್ತಿರುತ್ತದೆ, ವರ್ಷದ ಮೇಲೆ ಬಂದ ಅಕ್ಕ, ಅತ್ತಿಗೆಯರು ಅಲ್ಲಿ ಕೂತಿರುತ್ತಾರೆ, ಮನೆಯಾಕೆ ಮಾತ್ರ ಬಾಣಲೆಯ ಮುಂದೆ ಹೊಗೆಯಲ್ಲಿ ನಿಂತಿರುತ್ತಾಳೆ. ‘ಯಾಕಕ್ಕ ಒಳಗೇ ಇದೀಯಾ, ಬಾ ಈ ಕಡೆ’ ಎಂದು ಕರೆದರೆ ‘ಬಂದೆ, ಇನ್ನೊಂದು ಒಬ್ಬೆ ಅಷ್ಟೆ’ ಎನ್ನುತ್ತಾಳೆ. ಆ ಕೊನೆಯ ಒಬ್ಬೆ ಇಳಿಯುವ ಹೊತ್ತಿಗೆ ನೆಂಟರು ಚಪ್ಪಲಿ ಹಾಕಿಕೊಳ್ಳುತ್ತಿರುತ್ತಾರೆ.

ಈ ವಿಚಾರದಲ್ಲಿ ಸಮುದ್ರದಾಚೆಯ ಒಂದು ತಿಂಡಿಯಿಂದ ನಾವು ಕಲಿಯುವುದಿದೆ. ಯುರೋಪು, ಅಮೆರಿಕದ ಮನೆಗಳಲ್ಲಿ ಊಟಕ್ಕೆ ಮುಂಚೆ, ಜನ ಇನ್ನೂ ನಿಂತು ಮಾತಾಡುತ್ತಿರುವಾಗ, ತಟ್ಟೆಯಲ್ಲಿ ಬರುವ ಸ್ಮೋಕ್ಡ್ ಸಾಲ್ಮನ್ ಪಿನ್‌ವ್ಹೀಲ್ ಅದು. ತೆಳುವಾದ ಗೋಧಿ ರೊಟ್ಟಿಯೊಂದರ ಮೇಲೆ ಕ್ರೀಮ್ ಚೀಸ್ ಸವರುತ್ತಾರೆ. ಅದರ ಮೇಲೆ ಹೆಚ್ಚಿದ ಸೊಪ್ಪು, ಚೂರು ನಿಂಬೆರಸ, ಮೇಲೆ ಹೊಗೆಗೆ ಹಿಡಿದ ಸಾಲ್ಮನ್ ಮೀನಿನ ಕಾಗದದಷ್ಟು ತೆಳ್ಳನೆಯ ಹೋಳು. ಬಿಗಿಯಾಗಿ ಸುತ್ತಿ, ಫ್ರಿಜ್ಜಿನಲ್ಲಿ ಒಂದೆರಡು ಗಂಟೆ ಇಟ್ಟು, ಜನ ಬರುವ ಹೊತ್ತಿಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾರೆ. ಬಿಳಿಯ ನಡುವೆ ಕಿತ್ತಳೆ ಬಣ್ಣದ ಸುರುಳಿ, ಅಲ್ಲಲ್ಲಿ ಹಸಿರು. ಒಲೆ ಹಚ್ಚುವುದೇ ಇಲ್ಲ. ಮಾಡಿದವರು ಕೈ ತೊಳೆದು, ಸೀರೆಯನ್ನೋ ಗೌನನ್ನೋ ಉಟ್ಟು, ಬಂದವರ ಜೊತೆ ನಿಂತಿರುತ್ತಾರೆ.

ಆ ಮೀನು ಬೇಯಿಸಿದ್ದಲ್ಲ ಎಂಬುದು ನಮ್ಮಲ್ಲಿ ಹಲವರಿಗೆ ಅಚ್ಚರಿಯ ಸಂಗತಿ. ಉಪ್ಪು, ಕೆಲವೊಮ್ಮೆ ಸಕ್ಕರೆಯನ್ನೂ ಹಚ್ಚಿಟ್ಟು ನೀರು ಬಿಡಿಸಿ, ಒಣಗಿಸಿ, ಸುಮಾರು 30 ಡಿಗ್ರಿ ಸೆಲ್ಸಿಯಸ್ ದಾಟದ ತಣ್ಣನೆಯ ಹೊಗೆಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಮಾಂಸ ಬೇಯದೆ ಹಾಗೇ ಉಳಿಯುವುದರಿಂದಲೇ ಅದನ್ನು ಅಷ್ಟು ತೆಳ್ಳಗೆ ಕೊಯ್ಯಲು, ಮುರಿಯದಂತೆ ಸುತ್ತಲು ಸಾಧ್ಯ. ಬೇಯಿಸದ್ದರಿಂದಲೇ ಅಪಾಯವೂ ಇದೆ. ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಭಯದಿಂದ ಗರ್ಭಿಣಿಯರು ಇದನ್ನು ಹಾಗೇ ತಿನ್ನಬಾರದೆಂದು ಹಲವು ದೇಶಗಳ ಆರೋಗ್ಯ ಇಲಾಖೆಗಳು ಹೇಳುತ್ತವೆ. ಸಾಲ್ಮನ್ ನಮ್ಮ ನೀರಿನ ಮೀನೂ ಅಲ್ಲ. ಕರಾವಳಿಯಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಕರೆಸಿಕೊಳ್ಳುವ ರಾವಸ್ ಬೇರೆಯೇ ಕುಲದ್ದು. ನಿಜವಾದ ಸಾಲ್ಮನ್ ಬೆಂಗಳೂರಿನ ದೊಡ್ಡ ಅಂಗಡಿಗಳಿಗೆ ಮಂಜುಗಡ್ಡೆಯಲ್ಲಿ ಹೊರದೇಶದಿಂದ ಬರುತ್ತದೆ. ಅದನ್ನು ಗೊರವನಹಳ್ಳಿಗೆ ತರುವ ಗೋಜು ಯಾರಿಗೂ ಬೇಡ. ತರಬೇಕಾದ್ದು ಅದರ ಕ್ರಮ ಮಾತ್ರ: ಸವರು, ಸುತ್ತು, ತಣಿಯಲು ಬಿಡು, ಆಮೇಲೆ ಕೊಯ್ಯಿ.

ಆ ಕ್ರಮವೇನೂ ಕನ್ನಡನಾಡಿಗೆ ಹೊಸದಲ್ಲ. ಘಟ್ಟದ ಕೆಳಗೂ ಮಲೆನಾಡಿನಲ್ಲೂ ಮಳೆಗಾಲದ ಪತ್ರೊಡೆ ಮಾಡುವುದು ಹೀಗೆಯೇ. ಕೆಸುವಿನ ಎಲೆಯ ದಪ್ಪ ನಾರು ಹೆರೆದು, ಮಗುಚಿ ಹಾಕಿ, ಅಕ್ಕಿ, ಹುಣಸೆ, ಬೆಲ್ಲ, ಕೊತ್ತಂಬರಿ, ಒಣಮೆಣಸಿನಕಾಯಿ ರುಬ್ಬಿದ ಹಿಟ್ಟನ್ನು ಬೆನ್ನಿಗೆ ಸವರುತ್ತಾರೆ. ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು. ನಾಲ್ಕೈದು ಎಲೆಯಾದ ಮೇಲೆ ಎರಡು ಬದಿ ಒಳಕ್ಕೆ ಮಡಚಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಪೂರ್ತಿ ತಣ್ಣಗಾದ ಮೇಲೆ ಬಿಲ್ಲೆ ಕೊಯ್ದು ಕಾವಲಿಗೆ ಹಾಕುತ್ತಾರೆ. ಬಿಸಿಯಲ್ಲೇ ಚಾಕು ಹಾಕಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಹುಣಸೆ ಕಡಿಮೆಯಾದರೆ ಎಲೆಯಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಗಂಟಲು ಕೆರೆಸುತ್ತವೆ. ನಮ್ಮ ಬಯಲುಸೀಮೆಯಲ್ಲಿ ಕೆಸು ತೋಟದ ಕಾಲುವೆ ಬದಿಯಲ್ಲಿ ಅಲ್ಲಲ್ಲಿ ಕಂಡರೂ ಪತ್ರೊಡೆ ನಮ್ಮ ಮನೆಗಳ ತಿಂಡಿಯಾಗಲಿಲ್ಲ.

ನಮ್ಮ ಸುರುಳಿ ಚಕ್ಕುಲಿ. ಇದರ ಮುಂದೆ ಉಳಿದ ಯಾವುದನ್ನೂ ನಿಲ್ಲಿಸಲು ನನಗೆ ಮನಸ್ಸಿಲ್ಲ. ಹಬ್ಬಕ್ಕೆ ಒಂದು ವಾರ ಮೊದಲೇ ಮಾಡಿ ಡಬ್ಬ ತುಂಬಿಸಿದರೆ ಗೌರಿ ಗಣೇಶದವರೆಗೂ ಕೈಗೆ ಸಿಗುತ್ತದೆ. ಹಿಟ್ಟಿನ ತಿಂಡಿಗೆ ಕನ್ನಡದಲ್ಲಿ ದೊಡ್ಡ ಮರ್ಯಾದೆಯೇ ಇದೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸ ತನ್ನ ‘ಸೂಪಶಾಸ್ತ್ರ’ವನ್ನು ಶುರು ಮಾಡುವುದೇ ಪಿಷ್ಟಪಾಕದಿಂದ, ಎಂದರೆ ಹಿಟ್ಟಿನ ಅಡುಗೆಯಿಂದ.

ಚಕ್ಕುಲಿ ಕೆಡುವುದು ಎಲ್ಲಿ ಎಂದು ತಿಳಿದವರಿಗೆ ಅದು ಕಷ್ಟದ ತಿಂಡಿಯಲ್ಲ. ನಾಲ್ಕು ಪಾವು ಅಕ್ಕಿ ತೊಳೆದು ನೆರಳಲ್ಲಿ ಬಟ್ಟೆಯ ಮೇಲೆ ಹರವಿ, ಆರಿದ ಮೇಲೆ ಬೆಚ್ಚಗೆ ಹುರಿಯಬೇಕು. ಒಂದು ಪಾವು ಉದ್ದಿನಬೇಳೆಯನ್ನು ಸಣ್ಣ ಉರಿಯಲ್ಲಿ ಹೊಂಬಣ್ಣ ಬಂದು ಘಮ್ಮೆನ್ನುವವರೆಗೆ ಹುರಿಯಬೇಕು. ಎರಡನ್ನೂ ಸೇರಿಸಿ ಗಿರಣಿಯಲ್ಲಿ ನುಣ್ಣಗೆ ಬೀಸಿಸುವುದು. ಮಿಲ್ಲಿನಲ್ಲಿ ನಿಮಗಿಂತ ಮುಂಚೆ ಯಾರಾದರೂ ಮೆಣಸಿನಪುಡಿ ಮಾಡಿಸಿದ್ದಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಐದು ಲೋಟ ಹಿಟ್ಟಿಗೆ ನೂರು ಗ್ರಾಂನಷ್ಟು ಬೆಣ್ಣೆ ಸಾಕು. ಓಮ, ಬಿಳಿ ಎಳ್ಳು, ಇಂಗು, ಉಪ್ಪು ಹಾಕಿ ಬೆಣ್ಣೆಯನ್ನು ಒಣ ಹಿಟ್ಟಿಗೇ ಮೊದಲು ತಿಕ್ಕಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಒತ್ತಿದರೆ ಉದುರಬೇಕು. ನೀರು ಆಮೇಲೆ, ಅದೂ ಆ ಹೊತ್ತಿಗೆ ಬೇಕಾದಷ್ಟು ಹಿಟ್ಟಿಗೆ ಮಾತ್ರ. ಕಲಸಿಟ್ಟ ಹಿಟ್ಟು ಹುಳಿಯುತ್ತಾ ಎಣ್ಣೆ ಕುಡಿಯುತ್ತದೆ.

ಚಕ್ಕುಲಿ ಒರಳಿನಿಂದ ಒತ್ತುವಾಗ ಎಳೆ ತುಂಡಾದರೆ ನೀರು ಸಾಲದೆಂದು ಅರ್ಥ. ಎಣ್ಣೆಗೆ ಬಿಟ್ಟಾಗ ಬಿಡಿಬಿಡಿಯಾಗಿ ಚೆದುರಿದರೆ ಬೆಣ್ಣೆ ಹೆಚ್ಚಾಯಿತು. ಹಲ್ಲಿಗೆ ಕಲ್ಲಾದರೆ ಬೆಣ್ಣೆ ಕಡಿಮೆ. ಸುತ್ತಿನ ಕೊನೆಯ ತುದಿಯನ್ನು ಬೆರಳಿನಿಂದ ಒಳಸುತ್ತಿಗೆ ಒತ್ತಿ ಅಂಟಿಸದಿದ್ದರೆ ಬಾಣಲೆಯಲ್ಲಿ ಬಿಚ್ಚಿ ಹಾವಾಗುತ್ತದೆ. ಇನ್ನು ಉರಿ. ಎಣ್ಣೆ 160ರಿಂದ 170 ಡಿಗ್ರಿ ಸೆಲ್ಸಿಯಸ್‌ನ ನಡುವೆ ಇದ್ದರೆ ಸರಿ. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಚಿಟಿಕೆ ಹಿಟ್ಟು ಬಿಟ್ಟು ನೋಡುತ್ತಾರೆ, ಅದು ತಳ ಮುಟ್ಟಿ ನಿಧಾನವಾಗಿ ಮೇಲೇಳಬೇಕು. ಹಾಕಿದ ಕೂಡಲೇ ಚಕ್ಕುಲಿಯ ಸುತ್ತ ಏಳುವ ನೊರೆ ಒಳಗಿನ ನೀರು ಆವಿಯಾಗಿ ಹೊರಡುತ್ತಿರುವ ಗುರುತು. ಆ ನೊರೆ ಪೂರ್ತಿ ಅಡಗಿ, ಎಣ್ಣೆಯ ಸದ್ದು ನಿಲ್ಲುವವರೆಗೆ ತೆಗೆಯಬಾರದು. ಬಣ್ಣ ಬಂತೆಂದು ಅವಸರದಲ್ಲಿ ತೆಗೆದದ್ದು ಆ ಹೊತ್ತಿಗೆ ಗರಿಗರಿಯೇ. ಒಳಗಿನ ತೇವ ರಾತ್ರಿಯ ಹೊತ್ತಿಗೆ ಹೊರಕ್ಕೆ ಹರಡಿ ಮಾರನೆಯ ದಿನ ಮೆತ್ತಗಾಗಿರುತ್ತದೆ. ಪೂರ್ತಿ ಆರುವ ಮುಂಚೆ ಡಬ್ಬಕ್ಕೆ ತುಂಬಿದರೂ ಅದೇ ಪಾಡು.

ಎಣ್ಣೆಯ ಮಾತು ಬಂದದ್ದರಿಂದ ಒಂದು ಮಾತು. ಪಾವಗಡ, ಶಿರಾ, ಮಧುಗಿರಿ ಮಳೆ ನಂಬಿ ಕಡಲೆಕಾಯಿ ಬೆಳೆಯುವ ನೆಲ. ಮಳೆ ಕೈಕೊಟ್ಟ ವರ್ಷಗಳೇ ಹೆಚ್ಚು, ಆದರೂ ಇಲ್ಲಿಯ ಕೆಂಪು ಮಣ್ಣಿನಿಂದ ಬಂದ ಕಾಯಿಯ ಎಣ್ಣೆಯಲ್ಲಿ ಕರಿದ ಚಕ್ಕುಲಿಗೆ ಇರುವ ವಾಸನೆ ಪ್ಯಾಕೆಟ್ಟಿನ ಯಾವ ತೆಳು ಎಣ್ಣೆಗೂ ಇಲ್ಲ. ಈ ತಾಲ್ಲೂಕುಗಳ ಮನೆಯವರು ಬೇರೆ ಎಣ್ಣೆ ಕೊಂಡು ತಂದು ಹಬ್ಬದ ತಿಂಡಿ ಕರಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಚಕ್ಕುಲಿ ಒಣ ತಿಂಡಿ. ಅದರ ಪಕ್ಕದಲ್ಲಿ ತಣ್ಣಗೆ, ಮೃದುವಾಗಿ, ಹುಳಿಯಾಗಿ ಒಂದಿದ್ದರೆ ತಟ್ಟೆ ತುಂಬುತ್ತದೆ. ಸಾಲ್ಮನ್ ಸುರುಳಿ ನಮ್ಮ ಕೆಲಸಕ್ಕೆ ಬರುವುದು ಇಲ್ಲಿ. ಆ ಸುರುಳಿಗೆ ಅವರು ಹಾಕುವ ಸೊಪ್ಪು ಡಿಲ್. ತುಮಕೂರು ಸೀಮೆಯ ಯಾವ ಸಂತೆಗೆ ಹೋದರೂ ಕಟ್ಟುಗಟ್ಟಲೆ ಸಿಗುವ, ನಾವು ಅಕ್ಕಿರೊಟ್ಟಿಗೂ ಮಸಾಲೆ ವಡೆಗೂ ಅವರೆಕಾಳಿನ ಉಪ್ಪಿಟ್ಟಿಗೂ ಹಾಕುವ ಸಬ್ಬಸಿಗೆ ಅದೇ ಗಿಡದ ಭಾರತೀಯ ತಳಿ. ಕೊಬ್ಬಿನ ಮೀನಿಗೂ ಚೀಸಿಗೂ ಹೊಂದುವ ಅದರ ವಾಸನೆ ಗಟ್ಟಿ ಮೊಸರಿಗೂ ಹೊಂದುತ್ತದೆ. ಹೊಗೆಯೂ ನಮ್ಮಲ್ಲಿಲ್ಲದ್ದೇನಲ್ಲ. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು ಉಂಡವರಿಗೆ ಹೊಗೆಯ ರುಚಿಯನ್ನು ಪರಿಚಯಿಸಬೇಕಿಲ್ಲ.

ಇಪ್ಪತ್ತು ಜನರಿಗೆ ಮಾಡುವುದಾದರೆ ಹೀಗೆ ಮಾಡಬಹುದು. 2 ಲೀಟರ್ ಹಾಲಿನ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಆರೇಳು ಗಂಟೆ ತೂಗುಹಾಕಿ. ಬಟ್ಟೆ ಬಿಚ್ಚಿದಾಗ ಮೊಸರು ಬೆಣ್ಣೆಯಂತೆ ಚಾಕುವಿನಲ್ಲಿ ನಿಲ್ಲಬೇಕು. ಸೆಕೆಗಾಲದಲ್ಲಿ ಇದನ್ನು ಫ್ರಿಜ್ಜಿನ ಒಳಗೇ ಜರಡಿಯ ಮೇಲಿಟ್ಟು ಸೋಸಬೇಕು, ಹೊರಗೆ ತೂಗಿದರೆ ಹುಳಿ ಏರುತ್ತದೆ. ಎರಡು ದೊಡ್ಡ ಬದನೆಕಾಯಿಗೆ ಎಣ್ಣೆ ಸವರಿ ಕೆಂಡದ ಮೇಲೆ ಅಥವಾ ಗ್ಯಾಸಿನ ಉರಿಯಲ್ಲಿ ಸಿಪ್ಪೆ ಕರಿಕಾಗುವವರೆಗೆ ಸುಡಿ. ಸಿಪ್ಪೆ ತೆಗೆದ ತಿರುಳನ್ನು ಸಣ್ಣಗೆ ಕೊಚ್ಚಿ ಅರ್ಧ ಗಂಟೆ ಜರಡಿಯಲ್ಲಿ ಬಿಡಿ. ಇಲ್ಲಿ ಇಳಿಯುವ ನೀರನ್ನು ಅಸಡ್ಡೆ ಮಾಡಿದರೆ ಮುಂದಿನದೆಲ್ಲ ಹಾಳು. ಮೊಸರಿಗೆ ಉಪ್ಪು, ಕೊಚ್ಚಿದ ಸಬ್ಬಸಿಗೆ, ಬೀಜ ತೆಗೆದ ಹಸಿಮೆಣಸಿನಕಾಯಿ, ತುರಿದ ನಿಂಬೆ ಸಿಪ್ಪೆ ಸೇರಿಸಿ. ನಿಂಬೆರಸ ಒಂದೆರಡು ಹನಿ ಸಾಕು. ಹಬ್ಬದ ದಿನದ ತಟ್ಟೆ ಎಂದು ಈರುಳ್ಳಿ, ಬೆಳ್ಳುಳ್ಳಿಯ ಮಾತೇ ಇಲ್ಲ, ಬೇಕೆನಿಸುವುದೂ ಇಲ್ಲ.

ಚಪಾತಿ ಹನ್ನೆರಡು ಬೇಕು. ಸ್ವಲ್ಪ ಹಾಲು ಹಾಕಿ ಕಲಸಿದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಚುಕ್ಕೆ ಮೂಡುವ ಮೊದಲೇ ತೆಗೆದು ಒಂದರ ಮೇಲೊಂದು ಪೇರಿಸಿ ಬಟ್ಟೆ ಮುಚ್ಚಿಡಿ. ಬೆಂದಿರಬೇಕು, ಆದರೆ ಗರಿಯಾಗಬಾರದು. ಗರಿಯಾದ ಚಪಾತಿ ಸುತ್ತುವಾಗ ಸೀಳುತ್ತದೆ. ಪೂರ್ತಿ ಆರಿದ ಮೇಲೆ ಒಂದನ್ನು ಮಣೆಯ ಮೇಲಿಟ್ಟು, ಹುರಿದು ತರಿಯಾಗಿ ಪುಡಿ ಮಾಡಿದ ಕಡಲೆಕಾಯಿ ಬೀಜವನ್ನು ಮೊದಲು ಉದುರಿಸಿ. ಮೊಸರಿನ ತೇವ ಚಪಾತಿಗೆ ಇಳಿಯದಂತೆ ತಡೆಯುವುದು ಅದೇ. ಮೇಲೆ ಮೂರು ಚಮಚ ಮೊಸರು, ಅಂಚಿನವರೆಗೂ ಸಮನಾಗಿ. ನಿಮ್ಮಿಂದ ದೂರದ ಬದಿಯಲ್ಲಿ ಮಾತ್ರ ಒಂದು ಬೆರಳಗಲ ಬಿಡಿ, ಸುತ್ತುತ್ತಾ ಹೋದಂತೆ ಮೊಸರು ಅಲ್ಲಿಗೆ ಜರುಗುತ್ತದೆ. ಹತ್ತಿರದ ಅಂಚಿನಲ್ಲಿ ಬದನೆಯ ಒಂದು ತೆಳು ಸಾಲು, ಅದರ ಪಕ್ಕದಲ್ಲಿ ಬೇಯಿಸಿ ಕಡ್ಡಿಯಂತೆ ಸೀಳಿದ ಬೀಟ್‌ರೂಟು. ಸಾಲ್ಮನ್ನಿನ ಕಿತ್ತಳೆ ಬಣ್ಣವೇ ಬೇಕೆನ್ನುವವರು ಕ್ಯಾರೆಟ್ ಹಾಕಿಕೊಳ್ಳಲಿ. ಮೊದಲ ಸುತ್ತು ಬಿಗಿಯಾಗಿದ್ದರೆ ಉಳಿದದ್ದು ತಾನಾಗಿ ಬರುತ್ತದೆ, ಮೊದಲ ಸುತ್ತು ಸಡಿಲವಾದರೆ ನಡುವೆ ತೂತು ಉಳಿಯುತ್ತದೆ.

ಸುರುಳಿಯನ್ನು ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಅಂಚು ಕೆಳಗಾಗುವಂತೆ ಫ್ರಿಜ್ಜಿನಲ್ಲಿ ಎರಡು ಗಂಟೆ ಇಡಿ. ರಾತ್ರಿಯಿಡೀ ಇಟ್ಟರೂ ತೊಂದರೆಯಿಲ್ಲ. ಕೊಯ್ಯುವಾಗ ಚಾಕುವನ್ನು ಒತ್ತಬಾರದು, ಗರಗಸದಂತೆ ಎಳೆಯಬೇಕು, ಪ್ರತಿ ಸಲ ಒರೆಸಬೇಕು. ಚಾಕು ಮೊಂಡಾಗಿದ್ದರೆ ಹೂ ಕಟ್ಟುವ ನೂಲನ್ನು ಸುರುಳಿಯ ಕೆಳಗೆ ತೂರಿಸಿ, ಮೇಲೆ ತಂದು ಎರಡೂ ತುದಿ ಎಳೆದರೆ ಬಿಲ್ಲೆ ಚೊಕ್ಕವಾಗಿ ಬೇರ್ಪಡುತ್ತದೆ. ಒಂದು ಸುರುಳಿಗೆ ಎರಡು ಕೊನೆ ಬಿಟ್ಟು ಆರು ಬಿಲ್ಲೆ, ಹನ್ನೆರಡಕ್ಕೆ ಎಪ್ಪತ್ತೆರಡು. ತಲೆಗೆ ಮೂರರಂತೆ ಕೊಟ್ಟು ಇನ್ನೊಂದಷ್ಟು ಕೈಯಲ್ಲಿರುತ್ತದೆ. ಕೊನೆಯ ತುಂಡುಗಳು ತಟ್ಟೆಗೆ ಹೋಗುವುದಿಲ್ಲ, ಅಡುಗೆಮನೆ ಬಾಗಿಲಲ್ಲಿ ಕಾದು ನಿಂತ ಮಕ್ಕಳಿಗೆ ಹೋಗುತ್ತವೆ.

ಮೀನು ತಿನ್ನುವ ಮನೆಗಳು ಹಬ್ಬ ಕಳೆದ ಮೇಲೆ ಇದನ್ನೇ ಮೀನಿನಲ್ಲಿ ಮಾಡಬಹುದು. ಈ ನಾಡಿನಲ್ಲಿ ಮೀನಿಗೆ ರಾಜಮನೆತನದ ಗೌರವವೂ ಸಿಕ್ಕಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೀನು ಹಿಡಿಯುವ ವಿನೋದಕ್ಕೇ ಒಂದು ಭಾಗವಿದೆ. ಆದರೆ ನಮ್ಮದು ಕೆರೆ ಮೀನು ಎಂಬುದನ್ನು ಮರೆಯಬಾರದು. ಸಿಹಿನೀರಿನ ಮೀನಿನಲ್ಲಿ ಪರೋಪಜೀವಿಗಳಿರಬಹುದು, ಅದನ್ನು ಸಾಲ್ಮನ್ನಿನಂತೆ ತಣ್ಣನೆಯ ಹೊಗೆಯಲ್ಲಿಟ್ಟು ಹಸಿಯಾಗಿ ತಿನ್ನುವ ಸಾಹಸ ಸಲ್ಲದು. ಕಾಟ್ಲಾ, ರೋಹುವಿನಲ್ಲಿ ಸಣ್ಣ ಮುಳ್ಳು ಬಹಳ, ಸುರುಳಿಯಲ್ಲಿ ಅದು ಗಂಟಲಿಗೆ ಅಪಾಯ. ಜಿಲೇಬಿ ಮೀನು, ಎಂದರೆ ತಿಲಾಪಿಯಾ, ಮುಳ್ಳು ಬಿಡಿಸಲು ಸುಲಭ. ಉಪ್ಪು, ಅರಿಶಿನ, ನಿಂಬೆರಸ ಹಚ್ಚಿ, ಕೆಂಡದ ಮೇಲೆ ಪೂರ್ತಿ ಬೇಯಿಸಿ, ಕೈಯಲ್ಲಿ ಎಳೆ ಎಳೆಯಾಗಿ ಬಿಡಿಸಿ ನೋಡಿ ನೋಡಿ ಮುಳ್ಳು ತೆಗೆದು, ಬದನೆಯ ಜಾಗದಲ್ಲಿ ಇದನ್ನು ಹರಡಬೇಕು. ಸಬ್ಬಸಿಗೆ ಒಂದು ಹಿಡಿ ಜಾಸ್ತಿಯೇ ಇರಲಿ.

ಗೊರವನಹಳ್ಳಿ ಇವತ್ತು ಬಂದವರನ್ನು ಉಪಚರಿಸುವ ಊರೆಂದು ಹೆಸರಾಗಿದ್ದರೆ ಅದರ ಹಿಂದೆಯೂ ಒಬ್ಬ ಹೆಂಗಸಿದ್ದಾರೆ. ಪೂಜೆ ನಿಂತುಹೋಗಿದ್ದ ಗುಡಿಗೆ 1950ರ ದಶಕದಿಂದ ಮತ್ತೆ ದೀಪ ಹಚ್ಚಿ, ಯಾತ್ರೆಯ ಊರಾಗಿ ಬೆಳೆಸಿದವರು ಕಮಲಮ್ಮ. ಅಲ್ಲಿ ಉಂಡು ಬಂದವರನ್ನು ಸುತ್ತಲಿನ ಮನೆಗಳು ಮತ್ತೆ ಕರೆದು ಕೂರಿಸುತ್ತವೆ. ಕೂರಿಸಿದ ಮೇಲೆ ಮನೆಯಾಕೆಯೂ ಅವರ ಜೊತೆ ಕೂರುವಂತಾಗಬೇಕು. ಅದಕ್ಕಾಗಿ ಇಷ್ಟು ಹೇಳಬೇಕಾಯಿತು.

ಆದ್ದರಿಂದ ಶುಕ್ರವಾರದ ತಟ್ಟೆಗೆ ಕೆಲಸ ಹಿಂದಿನ ವಾರವೇ ಶುರು. ಭಾನುವಾರ ಚಕ್ಕುಲಿ ಕರಿಯುವುದು, ಕರಿಯುವಾಗ ಒತ್ತುವವರು ಒಬ್ಬರು, ಬಾಣಲೆ ನೋಡುವವರು ಇನ್ನೊಬ್ಬರು. ಮನೆಯ ಗಂಡಸರಿಗೆ ಒರಳು ತಿರುಗಿಸಲು ತೋಳಿನ ಬಲ ಸಾಕಷ್ಟಿರುತ್ತದೆ. ಬುಧವಾರ ರಾತ್ರಿ ಮೊಸರು ಕಟ್ಟುವುದು. ಗುರುವಾರ ಮಧ್ಯಾಹ್ನ ಬದನೆ ಸುಡುವುದು, ಸಂಜೆ ಚಪಾತಿ ಮಾಡಿ ಸುತ್ತಿಡುವುದು. ಶುಕ್ರವಾರ ಕಳಸದ ಪೂಜೆ ಮುಗಿದ ಮೇಲೆ ಉಳಿಯುವುದು ಬಿಲ್ಲೆ ಕೊಯ್ಯುವ ಕೆಲಸ, ಅಷ್ಟೇ. ಎಲ್ಲವನ್ನೂ ಒಮ್ಮೆಗೇ ಕೊಯ್ಯಬೇಡಿ, ಎರಡು ಸುರುಳಿ ಮುಗಿದಂತೆ ಇನ್ನೆರಡು. ಮೊಸರಿನ ತಿಂಡಿ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಫ್ರಿಜ್ಜಿನಲ್ಲೇ ಉಳಿದ ಬಿಲ್ಲೆಗಳನ್ನು ಶನಿವಾರ ಬೆಳಿಗ್ಗೆ ಕಾವಲಿಯ ಮೇಲೆ ತುಪ್ಪ ಹಾಕಿ ಎರಡೂ ಬದಿ ಕೆಂಪಗೆ ಮಾಡಿದರೆ ಆ ದಿನದ ತಿಂಡಿಗೆ ಬೇರೆ ಒಲೆ ಹಚ್ಚಬೇಕಿಲ್ಲ.